ಮಾವನ ಡಿಕ್ಕಿಯಲ್ಲಿ ಎರಡು ವೂಫರ್

ಮದುವೆಯಾಗಿ ರಾಜಾಜಿನಗರದ ಆ ಮನೆಗೆ ಹೋಗಿ ಮೂರು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ನಾನು ಮಾವನವರ ಕಾರಿನ ಡಿಕ್ಕಿಯೊಳಗೆ ಸೊಂಟದ ತನಕ ಇಳಿದು, ಸೆರಗು ಬಿಗಿದು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ತಂತಿ ಹುಡುಕುತ್ತಿದ್ದೆ. ಹೊಸ ಸೊಸೆಯನ್ನು ನೋಡಿಕೊಂಡು ಹೋಗೋಣ ಅಂತ ಮೈಸೂರಿನಿಂದ ಬಂದಿದ್ದ ಅತ್ತೆಯ ಚಿಕ್ಕಮ್ಮ ಆಗಲೇ ಗೇಟು ತೆರೆದರು. ಅವರಿಗೆ ಮೊದಲು ದರ್ಶನವಾದದ್ದು ನನ್ನ ಮುಖದ್ದಲ್ಲ. ಅತ್ತೆ ಬಾಗಿಲಲ್ಲಿ ನಿಂತು, ಕಾಣುತ್ತಿದ್ದ ಭಾಗವನ್ನೇ ತೋರಿಸಿ, "ಇವಳೇ ನಮ್ಮ ಸೊಸೆ" ಅಂತ ಪರಿಚಯ ಮಾಡಿಕೊಟ್ಟರಂತೆ. ಪಾಪ, ಅವರಿಗೂ ಬೇರೆ ದಾರಿ ಇರಲಿಲ್ಲ.

ನಾನು ಆ ಡಿಕ್ಕಿಗೆ ಇಳಿದದ್ದು ಹೇಗೆ ಅಂತ ಮೊದಲು ಹೇಳಬೇಕು.

ಎಂಬತ್ತರ ದಶಕದ ನಡುವಿನ ಮಾತು ಇದು. ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನಾನು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಆಂಪ್ಲಿಫೈಯರ್ ತಯಾರಾಗಿ ಬರುತ್ತಿದ್ದವು. ಸರಿಯಾಗಿ ಹಾಡದವು ನನ್ನ ಬೆಂಚಿಗೆ ಬರುತ್ತಿದ್ದವು. ಎಲ್ಲಿ ಕೆಟ್ಟಿದೆ ಅಂತ ಹಿಂದಿನಿಂದ ಮುಂದಕ್ಕೆ ಒಂದೊಂದೇ ಹಂತ ನೋಡಿಕೊಂಡು ಹೋಗುವುದು ನನ್ನ ಕೆಲಸ. ಹೆಣ್ಣು ನೋಡಲು ಬಂದ ದಿನ ಅತ್ತೆ, "ಹಾಡು ಬರುತ್ತೇನಮ್ಮ?" ಅಂತ ಕೇಳಿದ್ದರು. "ಹಾಡು ಬರಲ್ಲ, ಹಾಡೋ ಡಬ್ಬ ರಿಪೇರಿ ಮಾಡೋಕೆ ಬರುತ್ತೆ" ಅಂದಿದ್ದೆ. ನಮ್ಮಮ್ಮ ತಲೆ ಚಚ್ಚಿಕೊಂಡರು. ಅತ್ತೆ ಅದನ್ನು ತಮಾಷೆ ಅಂದುಕೊಂಡು ನಕ್ಕರು. ಮಾವ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಚಕ್ಕುಲಿ ಮುರಿದು ತಿಂದರು. ಎಂಥ ಗಂಭೀರ ಮನುಷ್ಯ ಅಂತ ನಮ್ಮಪ್ಪ ವಾರವಿಡೀ ಹೊಗಳಿದರು.

ಮಾವನವರಿಗೆ ಮಾಗಡಿ ರೋಡಿನ ಹಿಂಬದಿಯಲ್ಲಿ ಒಂದು ಮಗ್ಗದ ಶೆಡ್ಡಿತ್ತು. ಎಂಟು ಪವರ್‌ಲೂಮುಗಳು, ಒಂದೇ ಶೀಟಿನ ಸೂರಿನ ಕೆಳಗೆ. ಚಿಕ್ಕ ವಯಸ್ಸಿನಿಂದ ಅವರು ಅಲ್ಲೇ ಬೆಳೆದವರು: ಮೊದಲು ನೇಯುವವರಾಗಿ, ಆಮೇಲೆ ಮಾಲೀಕರಾಗಿ. ನಮ್ಮ ಬೀದಿಯಲ್ಲಿ ಅವರಿಗೆ ಒಂದು ಹೆಸರಿತ್ತು. ನಮಸ್ಕಾರ ಹೇಳಿದರೂ ತಿರುಗಿ ನೋಡದವರು, ಕರೆದರೆ ಓಗೊಡದವರು, ಎರಡು ಕಾಸು ಸೇರಿದ ಮೇಲೆ ಕತ್ತು ಗಟ್ಟಿಯಾದವರು. ಮನೆಯೊಳಗೂ ಅದೇ ಅಭಿಪ್ರಾಯ. ಅತ್ತೆ ದಿನಕ್ಕೆ ಹತ್ತು ಸಲ ಅಡುಗೆಮನೆಯಿಂದ ಏನಾದರೂ ಕೂಗುವುದು, ಉತ್ತರ ಬಾರದಿರುವುದು, "ಕಿವಿ ಕೇಳಲ್ವಾ ನಿಮ್ಗೆ?" ಅಂತ ಹೊರಬಂದು ಕೇಳುವುದು, ಮಾವ ಪೇಪರಿನಿಂದ ತಲೆ ಎತ್ತಿ "ಹ್ಞಾಂ, ಆಯ್ತು" ಅನ್ನುವುದು. ಏನು ಆಯ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈ ಗಂಭೀರ ಮನುಷ್ಯ ಐವತ್ತೈದು ದಾಟಿದ ಮೇಲೆ ಒಂದು ಹಳೆಯ ಬಿಳಿ ಅಂಬಾಸಿಡರ್ ಕೊಂಡರು. ಕೊಂಡ ವಾರದಲ್ಲೇ ಅದಕ್ಕೊಂದು ಕಾರ್ ಸ್ಟೀರಿಯೋ ಹಾಕಿಸಿದರು. ವಿಜಯನಗರದಲ್ಲಿ ಟ್ಯಾಕ್ಸಿಗಳಿಗೆ ಸ್ಟೀರಿಯೋ ಕೂರಿಸುವ ಒಬ್ಬ ಮೆಕ್ಯಾನಿಕ್ ಇದ್ದ. ಅವನು ಮುಂದೆ ಟೇಪು, ಅದರ ಕೆಳಗೆ ಶಬ್ದ ಹೆಚ್ಚಿಸಲು ಕೆಂಪು ಹಸಿರು ದೀಪ ಕುಣಿಸುವ ಬೂಸ್ಟರು, ಹಿಂದಿನ ಗಾಜಿನ ಬುಡದಲ್ಲಿ ಎರಡು ಸ್ಪೀಕರು, ಇಷ್ಟು ಹಾಕಿದ. ಮಾವನಿಗೆ ಸಾಲಲಿಲ್ಲ. "ಬೇಸ್ ಬೇಕು" ಅಂದರು, ಅಂದರೆ ಎದೆಗೆ ಗುದ್ದುವ ತಗ್ಗು ಶಬ್ದ. ಮೆಕ್ಯಾನಿಕ್ ಪ್ಲೈವುಡ್ಡಿನ ಪೆಟ್ಟಿಗೆಯೊಂದನ್ನು ಮಾಡಿ, ಅದರೊಳಗೆ ಆ ಶಬ್ದಕ್ಕೆಂದೇ ಇರುವ, ಊಟದ ತಟ್ಟೆಯಷ್ಟು ಅಗಲದ ವೂಫರ್ ಕೂರಿಸಿ, ಮೇಲೆ ಕೆಂಪು ಬಟ್ಟೆ ಹೊದಿಸಿ ಡಿಕ್ಕಿಯಲ್ಲಿ ಇಟ್ಟ. ದೂರದಿಂದ ನೋಡಿದರೆ ಯಾರದೋ ಚಿಕ್ಕ ಸಮಾಧಿಯ ಹಾಗೆ ಕಾಣುತ್ತಿತ್ತು.

ಅಲ್ಲಿಂದ ನಮ್ಮ ಬೀದಿಯ ನೆಮ್ಮದಿ ಹೋಯಿತು. ಬೆಳಿಗ್ಗೆ ಎಂಟಕ್ಕೆ ಮಾವ ಭಕ್ತಿಗೀತೆ ಹಾಕಿ ಗಾಡಿ ಹೊರತೆಗೆದರೆ ದೇವರಿಗಿಂತ ಮುಂಚೆ ಬೀದಿನಾಯಿಗಳು ಏಳುತ್ತಿದ್ದವು. ಭಕ್ತಿಗೀತೆಯ ಪದ ಯಾರಿಗೂ ಕೇಳುತ್ತಿರಲಿಲ್ಲ, ಗುಮ್ ಗುಮ್ ಅನ್ನುವುದಷ್ಟೇ. ನಮ್ಮ ನಾಗಂದಿಗೆಯ ಮೇಲಿನ ಸ್ಟೀಲು ತಟ್ಟೆಗಳು ಒಂದಕ್ಕೊಂದು ತಾಗಿ ಹಲ್ಲು ಕಡಿಯುತ್ತಿದ್ದವು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ, ಅಪ್ಪನ ಕಾರು ತಿರುವಿನಲ್ಲಿ ಬರುವುದು ಕೇಳಿದರೆ ಬಸ್‌ಸ್ಟಾಪಿನ ಹಿಂದೆ ಅವಿತುಕೊಳ್ಳುತ್ತಿದ್ದರು.

ಮಾವನಿಗೆ ಇನ್ನೂ ಸಾಲಲಿಲ್ಲ. ಅದೇ ಪೆಟ್ಟಿಗೆಗೆ ಇನ್ನೊಂದು ವೂಫರ್ ಹಾಕಿಸಿದರು. ಆಗ ಆದ ವಿಚಿತ್ರವೆಂದರೆ, ಎರಡನೆಯದು ಬಂದ ಮೇಲೆ ಮೊದಲಿನಷ್ಟೂ ಶಬ್ದ ಇಲ್ಲ. ಬೂಸ್ಟರಿನ ದೀಪಗಳು ಹುಚ್ಚೆದ್ದು ಕುಣಿಯುತ್ತಿವೆ, ಪೆಟ್ಟಿಗೆಯೊಳಗೆ ಏನೋ ಅಲ್ಲಾಡುತ್ತಿದೆ, ಗುಮ್ ಮಾತ್ರ ಮಾಯ. ಬೀದಿಯವರು ಯಾವುದೋ ಹರಕೆ ತೀರಿತು ಅಂದುಕೊಂಡರು. ಮೆಕ್ಯಾನಿಕ್ ಬಂದು ಡಿಕ್ಕಿಗೆ ತಲೆ ಹಾಕಿ, ಹೊರತೆಗೆದು, ತಲೆ ಕೆರೆದುಕೊಂಡು, "ಸಾರ್, ಪವರ್ ಹಂಚ್ಕೊಂಡ್ಬಿಟ್ಟಿದೆ. ಮೂರನೇದು ಹಾಕಿದ್ರೆ ಬ್ಯಾಲೆನ್ಸ್ ಆಗುತ್ತೆ" ಅಂದ.

ರಾತ್ರಿ ಊಟಕ್ಕೆ ಬಡಿಸುವಾಗ ಮಾವ ಮೂರನೆಯ ವೂಫರಿನ ಮಾತೆತ್ತಿದರು. ಹೊಸ ಸೊಸೆ ಮಧ್ಯೆ ಬಾಯಿ ಹಾಕಬಾರದು ಅಂತ ಗೊತ್ತಿತ್ತು. ಆದರೆ ತಪ್ಪು ರಿಪೇರಿ ಕೇಳಿ ಸುಮ್ಮನಿರುವುದು ನನ್ನ ಕೈಲಾಗುವುದಿಲ್ಲ.

"ಮಾವ, ಮೂರನೇದು ಬೇಡ. ಇರೋ ಎರಡೇ ಜಗಳ ಆಡ್ತಾ ಇವೆ" ಅಂದೆ.

ಮಾವ ನನ್ನ ಮುಖ ನೋಡಿದರು. "ಏನಂತೆ?" ಅಂತ ಮಗನನ್ನು ಕೇಳಿದರು.

"ಎರಡು ವೂಫರೂ ಜಗಳ ಆಡ್ತಿದಾವಂತಪ್ಪ!" ಅಂತ ನನ್ನ ಗಂಡ ತಮ್ಮ ದಪ್ಪ ದನಿಯಲ್ಲಿ ಹೇಳಿದರು.

"ಬಿಡಿಸೋಕೆ ಬರುತ್ತಾ ಅವಳಿಗೆ?"

"ಬರುತ್ತೆ" ಅಂದೆ, ಈ ಸಲ ಜೋರಾಗಿ.

ಹಾಗೆ ನಾನು ಆ ಭಾನುವಾರ ಡಿಕ್ಕಿಗೆ ಇಳಿದದ್ದು. ಚಿಕ್ಕಮ್ಮನವರಿಗೆ ಕಾಫಿ ಕೊಟ್ಟು, ಕಾಲಿಗೆ ಬಿದ್ದು, ಮತ್ತೆ ಹೋಗಿ ಡಿಕ್ಕಿಯಲ್ಲಿ ಬಿದ್ದೆ. ಪೆಟ್ಟಿಗೆಯ ಕೆಂಪು ಬಟ್ಟೆ ಬಿಚ್ಚಿ ಮಾವನನ್ನು ಹತ್ತಿರ ಕರೆದೆ. ಟಾರ್ಚಿನಿಂದ ಒಂದು ಸೆಲ್ ತೆಗೆದು, ಮೊದಲ ವೂಫರಿನ ಎರಡು ತಂತಿಗೆ ಅದರ ಎರಡು ತುದಿ ಮುಟ್ಟಿಸಿದೆ. ವೂಫರಿನ ಕಪ್ಪು ಕಾಗದದ ಬಟ್ಟಲು ಟಪ್ ಅಂತ ಮುಂದಕ್ಕೆ ಬಂತು. ಎರಡನೆಯದಕ್ಕೆ ಹಾಗೆಯೇ ಮುಟ್ಟಿಸಿದೆ. ಅದು ಟಪ್ ಅಂತ ಒಳಕ್ಕೆ ಹೋಯಿತು. ಮೆಕ್ಯಾನಿಕ್ ಒಂದರ ತಂತಿಯನ್ನು ತಿರುವು ಮುರುವು ಹಾಕಿದ್ದ. ಒಂದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಅದನ್ನೇ ಎಳೆದುಕೊಳ್ಳುತ್ತಿತ್ತು. ಎರಡೂ ಬೆಳಗಿನಿಂದ ಸಂಜೆ ತನಕ ಮೈಮುರಿದು ದುಡಿದು, ಹೊರಗಿನವರಿಗೆ ಏನೂ ಗಿಟ್ಟುತ್ತಿರಲಿಲ್ಲ.

"ಗಂಡ ಹೆಂಡ್ತಿ" ಅಂದರು ಮಾವ. ಮೂರು ತಿಂಗಳಲ್ಲಿ ಅವರು ನನ್ನೊಡನೆ ಆಡಿದ ಮೊದಲ ತಮಾಷೆ ಅದು.

ತಂತಿ ಬದಲಿಸಿ ಹಾಡು ಹಾಕಿದೆ. ಮೊದಲ ಗುಮ್ಮಿಗೆ ಕಾರಿನ ನಂಬರ್ ಪ್ಲೇಟು ಗಲಗಲ ಅಂತು, ಜಾಕಿನ ಹಿಡಿ ಕುಣಿಯಿತು, ವರಾಂಡದಲ್ಲಿ ಕೂತಿದ್ದ ಚಿಕ್ಕಮ್ಮನವರ ಕಾಫಿ ಲೋಟದಲ್ಲಿ ಅಲೆ ಎದ್ದಿತು. ಮಾವ ಕಾರಿನ ಬಾಗಿಲಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿಕೊಂಡು ನಿಂತರು. ಎಷ್ಟು ಹೊತ್ತು ನಿಂತರು ಅಂದರೆ ಅತ್ತೆ ಬಂದು, "ಏನ್ ಕಾರಿಗೆ ಜ್ವರ ಬಂದಿದ್ಯಾ?" ಅಂತ ಕೇಳಿದರು. ಮಾವ ಕಣ್ಣೂ ತೆರೆಯಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, "ನೋಡ್ದಾ? ಇಷ್ಟೇ ನನ್ನ ಬಾಳು" ಅಂತ ಒಳಗೆ ಹೋದರು.

ಅಲ್ಲಾಡುವುದನ್ನೆಲ್ಲ ನಾನು ಒಂದೊಂದಾಗಿ ಹಿಡಿದೆ. ನಂಬರ್ ಪ್ಲೇಟಿನ ಹಿಂದೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ಜಾಕಿಗೆ ಗೋಣಿಚೀಲ ಸುತ್ತಿದೆ. ಆಮೇಲೆ ಉಳಿದದ್ದು ಒಂದೇ ಕಾಟ: ಒಂದು ಕೀರಲು. ಇಂಜಿನ್ ಚಾಲೂ ಆದರೆ ಸ್ಪೀಕರಿನಲ್ಲಿ ಕುಂಯ್ ಅಂತ ಸಣ್ಣಗೆ ಶುರುವಾಗುತ್ತಿತ್ತು. ವೇಗ ಹೆಚ್ಚಿದಂತೆ ಅದೂ ಏರುತ್ತಿತ್ತು. ಕಾರು ನಲವತ್ತು ದಾಟಿದರೆ ಕಿವಿಯೊಳಗೆ ಯಾರೋ ಬಳಪ ಗೀಚಿದ ಹಾಗೆ ಆಗುತ್ತಿತ್ತು. ನನ್ನ ಗಂಡ ಅದನ್ನು ಸೊಳ್ಳೆ ಅನ್ನುತ್ತಿದ್ದರು. ಬಾನೆಟ್ಟಿನಲ್ಲಿ ಬೆಕ್ಕಿನ ಮರಿ ಸಿಕ್ಕಿಕೊಂಡಿದೆ ಅಂತ ಅತ್ತೆ ನಂಬಿದ್ದರು. ಎರಡು ಸಲ ಹಾಲಿನ ಬಟ್ಟಲು ಇಟ್ಟು ಕಾದಿದ್ದರು. ಮಾವನಿಗೆ ಮಾತ್ರ ಅದರ ಚಿಂತೆಯೇ ಇರಲಿಲ್ಲ.

ಮೆಕ್ಯಾನಿಕ್ಕನ್ನು ಕೇಳಿದೆ. "ಅದು ಇಂಜಿನ್ ಹಾಡೋದು ಮೇಡಂ. ಹಾಡಿನ ಜೊತೆ ಹಾಡು ಫ್ರೀ" ಅಂದ. ಆ ಉತ್ತರ ಕೇಳಿ ನನಗೆ ಮೈಯೆಲ್ಲ ಉರಿಯಿತು. ಮುಂದಿನ ಮೂರು ಭಾನುವಾರ ಆ ಕೀರಲಿನ ಹಿಂದೆಯೇ ಬಿದ್ದೆ. ಬೂಸ್ಟರಿನ ಅರ್ತ್ ತಂತಿಯನ್ನು ಅವನು ಹಿಂದಿನ ಸೀಟಿನ ಬುಡದ ಬಣ್ಣ ಬಳಿದ ಸ್ಕ್ರೂ ಒಂದಕ್ಕೆ ಸುತ್ತಿದ್ದ. ಟೇಪಿನದನ್ನು ಮುಂದೆ ಇನ್ನೆಲ್ಲೋ ಸುತ್ತಿದ್ದ. ಎರಡರ ನಡುವೆ ಡೈನಮೋದ ಗಲಾಟೆಯೆಲ್ಲ ನುಗ್ಗುತ್ತಿತ್ತು. ಎರಡನ್ನೂ ದಪ್ಪ ತಂತಿಯಲ್ಲಿ ಒಂದೇ ಜಾಗಕ್ಕೆ ತಂದು, ಅಲ್ಲಿ ಬಣ್ಣ ಕೆರೆದು ಹೊಳೆಯುವ ತಗಡಿಗೆ ಬಿಗಿಯಬೇಕಿತ್ತು. ನಾನು ಕೆರೆಯುವಾಗ ಮಾವ ತಮ್ಮ ಚರ್ಮವನ್ನೇ ಕೆರೆದಂತೆ ಮುಖ ಮಾಡಿದರು. ಗಲಾಟೆ ಹೀರಿಕೊಳ್ಳಲಿ ಅಂತ ಡೈನಮೋಗೆ ಒಂದು ಕಂಡೆನ್ಸರನ್ನೂ ಕಟ್ಟಿದೆ.

ಮೂರನೆಯ ಭಾನುವಾರ ಪರೀಕ್ಷೆ. ಮಾವ ಸ್ಟೀರಿಂಗ್ ಮುಂದೆ ಕೂತರು. ನಾನು ಹಿಂದಿನ ಸೀಟಿನಲ್ಲಿ ಮಂಡಿಯೂರಿ ಸ್ಪೀಕರಿಗೆ ಕಿವಿ ಕೊಟ್ಟೆ.

"ಮಾವ, ರೇಸ್ ಕೊಡಿ!" ಅಂತ ಕೂಗಿ, ಕೈಯಿಂದಲೂ ತೋರಿಸಿದೆ.

ರೇಸ್ ಕೊಟ್ಟರು. ಕೀರಲು ಪೂರ್ತಿ ಮಾಯ. ನನಗೆ ಕುಣಿಯುವಷ್ಟು ಖುಷಿ. "ಹೋಯ್ತಾ ಮಾವ?"

"ಹೋಯ್ತು, ಹೋಯ್ತು."

ಖಚಿತ ಮಾಡಿಕೊಳ್ಳೋಣ ಅಂತ ಹೊಸ ಅರ್ತ್ ತಂತಿಯನ್ನು ಬಿಚ್ಚಿ ಹಳೆಯ ಸ್ಕ್ರೂಗೇ ಸುತ್ತಿದೆ. ಕಾರ್ಖಾನೆಯಲ್ಲಿ ಹೀಗೇ ಮಾಡುತ್ತಿದ್ದೆವು: ಸರಿಮಾಡಿದ್ದನ್ನು ಮತ್ತೆ ಕೆಡಿಸಿ ನೋಡಿದರೆ ನಿಜವಾಗಿ ಅದರಿಂದಲೇ ಸರಿಹೋಯಿತೋ ಇಲ್ಲವೋ ತಿಳಿಯುತ್ತದೆ. ಮತ್ತೆ ರೇಸ್ ಕೊಡಲು ಹೇಳಿದೆ. ಕೀರಲು ಬಾಲ ತುಳಿದ ಬೆಕ್ಕಿನ ಹಾಗೆ ಎದ್ದಿತು. ನನ್ನ ಹಲ್ಲು ಜುಮ್ಮೆಂದಿತು. ಕಾಂಪೌಂಡಿನಲ್ಲಿ ಮಲಗಿದ್ದ ನಾಯಿ ಎದ್ದು ಹೊರಟೇಹೋಯಿತು.

ಮಾವ ಕನ್ನಡಿಯಲ್ಲಿ ನನ್ನನ್ನು ನೋಡಿ ಪ್ರಸನ್ನವಾಗಿ ನಕ್ಕರು. "ಈಗ್ಲೂ ಇಲ್ವಲ್ಲಮ್ಮ. ಚೆನ್ನಾಗ್ ಮಾಡಿದೀಯ."

ನಾನು ತಂತಿ ಹಿಡಿದುಕೊಂಡು ಹಾಗೆಯೇ ಕೂತೆ. ಟೇಪು ಸರಿ ಇದೆ. ಬೂಸ್ಟರು ಸರಿ ಇದೆ. ಸ್ಪೀಕರೂ ಸರಿ ಇದೆ. ಅದರಾಚೆಯ ಹಂತದಲ್ಲಿ ಕೂತಿದ್ದವರು ಮಾವ.

ಆ ವಾರ ನಾನು ಕಾರ್ಖಾನೆಯಲ್ಲಿ ಊಟದ ವಿರಾಮದಲ್ಲಿ ಒಂದು ಕ್ಯಾಸೆಟ್ಟಿಗೆ ಹತ್ತು ಶಬ್ದ ತುಂಬಿಕೊಂಡೆ. ಮೊದಲನೆಯದು ತಮಟೆಗಿಂತ ತಗ್ಗು, ಹತ್ತನೆಯದು ಸೀಟಿಗಿಂತ ಮೇಲೆ. ಆದರೆ ಅದನ್ನು ಮನೆಯ ಮುಂದೆ ಹಾಕುವ ಹಾಗಿರಲಿಲ್ಲ. ಕಾರು ಓಡಿಸಲು ಕಲಿಸಿಕೊಡಿ ಅಂತ ಮಾವನನ್ನು ಕೇಳಿದೆ. ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ ತೋರಿಸಿ ಕೇಳಿದ್ದಕ್ಕೋ ಏನೋ, ತಕ್ಷಣ ಒಪ್ಪಿದರು. ಸೊಸೆಗೆ ಯಾಕೆ ಕಾರು ಅಂತ ಅತ್ತೆ ಕೇಳಿದ ಪ್ರಶ್ನೆ ಎಂದಿನಂತೆ ಗಾಳಿಗೆ ಹೋಯಿತು.

ಜ್ಞಾನಭಾರತಿಯ ಕಡೆ ಆಗ ರಸ್ತೆಗಳು ಖಾಲಿ. ಭಾನುವಾರ ಬೆಳಿಗ್ಗೆ ಎಮ್ಮೆಗಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಒಂದು ಗಂಟೆ ನಾನು ಕಾರನ್ನು ಕಪ್ಪೆಯ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ಓಡಿಸಿದೆ. ಆಮೇಲೆ ಮರದ ನೆರಳಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಕ್ಯಾಸೆಟ್ ಹಾಕಿ, "ಕೇಳಿಸಿದಾಗ ಬೆರಳು ಎತ್ತಿ ಮಾವ" ಅಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಅರ್ಥವಾಯಿತು. ಮುಖದ ಬಣ್ಣ ಇಳಿಯಿತು. ಆದರೂ ಒಂದು ಬೆರಳು ಮಂಡಿಯ ಮೇಲಿಟ್ಟುಕೊಂಡು ಕೂತರು.

ಒಂದು, ಎರಡು, ಮೂರು, ಬೆರಳು ಎದ್ದಿತು. ನಾಲ್ಕಕ್ಕೆ ಅನುಮಾನದಿಂದ ಅರ್ಧ ಎದ್ದಿತು. ಐದರಿಂದ ಹತ್ತರವರೆಗೆ ಕಾರೊಳಗೆ ಕಿವಿ ಹರಿದುಹೋಗುವ ಶಬ್ದ. ನಾನು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡೆ. ಮಾವ ಮುಂದಿನ ಗಾಜಿನಾಚೆ ಎಮ್ಮೆ ನೋಡುತ್ತ, ಬೆರಳನ್ನು ಮಂಡಿಯ ಮೇಲೆ ಇಟ್ಟುಕೊಂಡು, ಶಬ್ದ ಯಾವಾಗ ಶುರುವಾಗುತ್ತೋ ಅಂತ ಕಾಯುತ್ತಿದ್ದರು.

ಟೇಪು ಆರಿಸಿದೆ. ಅವರ ಕಡೆ ತಿರುಗಿ, ನಿಧಾನಕ್ಕೆ ಕೇಳಿದೆ. "ಯಾವಾಗಿಂದ ಮಾವ?"

ಮಂಡಿಯ ಮೇಲಿದ್ದ ಬೆರಳನ್ನು ಮಡಿಸಿಕೊಂಡರು. "ಗೊತ್ತಿಲ್ಲ ಕಣಮ್ಮ. ಮೊದ್ಲು ಗುಬ್ಬಚ್ಚಿ ಹೋದ್ವು. ನಮ್ಮ ಬೀದೀಲಿ ಗುಬ್ಬಚ್ಚಿ ಕಮ್ಮಿ ಆದ್ವು ಅಂದ್ಕೊಂಡೆ. ಆಮೇಲೆ ಕುಕ್ಕರ್ ಸೀಟಿ ಹೋಯ್ತು. ಆಮೇಲೆ ನಿಮ್ಮತ್ತೆ."

ನಾನು ನಗಬಾರದು ಅಂತ ತುಟಿ ಕಚ್ಚಿದೆ.

"ನಗು, ಪರವಾಗಿಲ್ಲ" ಅಂದರು. "ಅವಳು ಹೋದಾಗ ಸ್ವಲ್ಪ ದಿನ ನಂಗೂ ಹಾಯ್ ಅನ್ನಿಸಿತ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲಾಮೇಲೆ ಅಷ್ಟು ಚೆನ್ನಾಗಿರ್ಲಿಲ್ಲ. ಬಾಯಿ ಆಡ್ತಾ ಇರುತ್ತೆ, ಏನಂತ ಗೊತ್ತಾಗಲ್ಲ. ಏನಂದೆ ಅಂತ ಎಷ್ಟು ಸಲ ಕೇಳೋದು?"

"ಮತ್ತೆ ಹಾಡು?"

"ಹಾಡೋರು ನೀರೊಳಗಿಂದ ಹಾಡ್ತಾರೆ. ಡೋಲು, ತಬಲ, ಅದು ಬರುತ್ತೆ. ಕಿವೀಲಲ್ಲ." ಸೀಟನ್ನು ತಟ್ಟಿ ತೋರಿಸಿದರು. "ನಾನು ಕುಂಡೀಲಿ ಕೇಳ್ತೀನಿ ಕಣಮ್ಮ. ಗುಮ್ ಅಂತ ಬಂದ್ರೆ ಇದು ಯಾವ ಹಾಡು ಅಂತ ಗೊತ್ತಾಗುತ್ತೆ. ಮಿಕ್ಕಿದ್ದು ನೆನಪಿಂದ ಹಾಡ್ಕೋತೀನಿ."

ವೂಫರ್ ಮೇಲೆ ವೂಫರ್ ಯಾಕೆ ಬೇಕಿತ್ತು ಅಂತ ಆಗ ನನಗೆ ತಿಳಿಯಿತು. ಇಡೀ ಬೀದಿಯ ಜೊತೆ ನಾನೂ ನಕ್ಕಿದ್ದೆ.

ಮನೆಯಲ್ಲಿ ಹೇಳೋಣ, ಡಾಕ್ಟರಿಗೆ ತೋರಿಸೋಣ ಅಂದೆ. ಬೇಡವೇ ಬೇಡ ಅಂದರು. "ಜಂಬದ ಮನುಷ್ಯ ಅಂತಾರೆ, ಅನ್ಲಿ. ಕಿವುಡ ಅನ್ನೋದು ಬೇಡ. ಜಂಬದವನಿಗೆ ಜನ ಹೆದರ್ತಾರೆ, ಕಿವುಡನ್ನ ಆಡ್ಕೋತಾರೆ." ನನ್ನಿಂದ ಆಣೆ ತೆಗೆದುಕೊಂಡರು. ನಾನೂ ಕೊಟ್ಟೆ, ಆದರೆ ಒಂದು ಷರತ್ತು ಹಾಕಿದೆ: ವೂಫರನ್ನು ನನಗೆ ಬೇಕಾದಂತೆ ಮಾಡಲು ಬಿಡಬೇಕು.

ಕುಂಡಿಯಲ್ಲಿ ಕೇಳುವವರಿಗೆ ವೂಫರ್ ಡಿಕ್ಕಿಯಲ್ಲಿ ಯಾಕೆ? ಅಲ್ಲಿಂದ ಬೀದಿಗೆಲ್ಲ ಹಂಚಿ, ಉಳಿದದ್ದು ಮುಂದಿನ ಸೀಟಿಗೆ ಬರಬೇಕಿತ್ತು. ಎರಡರಲ್ಲಿ ಒಂದನ್ನು ಬಿಚ್ಚಿದೆ. ಅಂಬಾಸಿಡರಿನ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ. ಅದರ ಕೆಳಗೆ ಹಿಡಿಸುವ ಚಪ್ಪಟೆ ಪೆಟ್ಟಿಗೆಯೊಂದನ್ನು ನಮ್ಮ ಕಾರ್ಖಾನೆಯ ಬಡಗಿಯಿಂದ ಮಾಡಿಸಿ, ವೂಫರಿನ ಬಾಯಿ ಮೇಲಕ್ಕೆ ಮಾಡಿ, ಪೆಟ್ಟಿಗೆಯನ್ನು ಸೀಟಿನ ಕಬ್ಬಿಣದ ಚೌಕಟ್ಟಿಗೇ ನಾಲ್ಕು ಬೋಲ್ಟಿನಲ್ಲಿ ಬಿಗಿದೆ. ಡಿಕ್ಕಿಯ ಸಮಾಧಿಯನ್ನು ಕಿತ್ತುಹಾಕಿದೆ. ಬೂಸ್ಟರನ್ನು ಅರ್ಧಕ್ಕೆ ಇಳಿಸಿದರೂ ಸೀಟು ಮಾತಾಡುತ್ತಿತ್ತು. ಕಾರಿನ ಹೊರಗೆ ನಿಂತವರಿಗೆ ಹೆಚ್ಚೇನೂ ಕೇಳುತ್ತಿರಲಿಲ್ಲ. ಮಾವ ಕೂತು ನೋಡಿ, ಒಂದು ಹಾಡು ಪೂರ್ತಿ ಮುಗಿಯುವ ತನಕ ಏಳಲಿಲ್ಲ. ಇಳಿದ ಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ನಾನು ಆಗಲೇ ಬಿಗಿದಿದ್ದ ನಾಲ್ಕು ಬೋಲ್ಟನ್ನೂ ಇನ್ನೊಮ್ಮೆ ಬಿಗಿದೆ.

ಇದೆಲ್ಲ ಬಯಲಾದದ್ದು ಕೆಂಗೇರಿಯ ದಾರಿಯಲ್ಲಿ. ಅಲ್ಲಿ ನೆಂಟರೊಬ್ಬರ ಮನೆಯ ಗೃಹಪ್ರವೇಶ. ಅತ್ತೆ ಯಾವಾಗಲೂ ಹಿಂದೆ ಕೂರುವವರು. ಅವತ್ತು ಹೊಸ ರೇಷ್ಮೆ ಸೀರೆ, ಸುಕ್ಕಾಗಬಾರದು ಅಂತ ಮುಂದೆ ಹತ್ತಿ ಕೂತರು. ಅದು ಮಾವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೈಸೂರು ರೋಡಿಗೆ ಬಂದ ಮೇಲೆ ಮಾವ ಎಂದಿನ ಹಾಗೆ ಟೇಪು ಒತ್ತಿದರು.

ಮೊದಲ ಗುಮ್ಮಿಗೆ ಅತ್ತೆ ಸೀಟಿನಿಂದ ಒಂದು ಗೇಣು ಮೇಲೆದ್ದರು.

"ಅಯ್ಯೋ! ಏನೋ ಒಡೀತು! ನಿಲ್ಸಿ! ರೀ, ಕೆಳಗಡೆ ಏನೋ ಇದೆ, ನಿಲ್ಸೀ!"

ಮಾವ ರಸ್ತೆ ನೋಡುತ್ತ, ತಲೆದೂಗುತ್ತ, ಆನಂದವಾಗಿ ಓಡಿಸುತ್ತಿದ್ದರು. ಅತ್ತೆಯ ದನಿ ಭಯ ಹೆಚ್ಚಿದಷ್ಟೂ ಮೇಲೆ ಹೋಗುತ್ತಿತ್ತು, ಮೇಲೆ ಹೋದಷ್ಟೂ ಮಾವನಿಂದ ದೂರ ಹೋಗುತ್ತಿತ್ತು. ಹಿಂದೆ ಕೂತಿದ್ದ ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. ನಾನು ಮುಂದೆ ಬಗ್ಗಿ ಮಾವನ ಭುಜ ಮುಟ್ಟುವಷ್ಟರಲ್ಲಿ ಅತ್ತೆ ಅವರ ತೋಳಿಗೆ ಪಟ್ ಅಂತ ಒಂದು ಕೊಟ್ಟರು. ಮಾವ ಬೆಚ್ಚಿ ಕಾರನ್ನು ಪಕ್ಕಕ್ಕೆ ತಂದು, ಟೇಪು ಇಂಜಿನ್ ಎರಡನ್ನೂ ಆರಿಸಿದರು.

"ಎಷ್ಟು ಕಿರುಚೋದು ನಾನು? ಸತ್ರೂ ತಿರುಗಿ ನೋಡಲ್ವಲ್ಲ! ಕಿವಿ ಕೇಳಲ್ವಾ ನಿಮ್ಗೆ?"

ಇಪ್ಪತ್ತು ವರ್ಷದಿಂದ ಅತ್ತೆ ಕೇಳುತ್ತಿದ್ದ ಪ್ರಶ್ನೆ. ಅದಕ್ಕೆ ಯಾರೂ ಉತ್ತರ ನಿರೀಕ್ಷಿಸುತ್ತಿರಲಿಲ್ಲ. ಮಾವ ಅವರ ತುಟಿ ನೋಡಿದರು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆಮೇಲೆ ಹೇಳಿದರು:

"ಕೇಳಲ್ಲ ಕಣೇ."

ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ನನ್ನ ಗಂಡನ ನಗು ನಿಂತುಹೋಗಿತ್ತು.

"ಅಂದ್ರೆ?" ಅಂದರು ಅತ್ತೆ.

"ಅಂದ್ರೆ ಕೇಳಲ್ಲ. ನಿನ್ನ ದನಿ ಬರಲ್ಲ ನಂಗೆ. ಬಹಳ ವರ್ಷ ಆಯ್ತು. ಮಗ್ಗದ ಶಬ್ದಕ್ಕೆ ಹೋಗಿದೆ ಅಂತ ಕಾಣುತ್ತೆ."

ಅತ್ತೆ ಅಳುತ್ತಾರೆ ಅಂದುಕೊಂಡೆ. ಅವರ ಮುಖದಲ್ಲಿ ಬಂದದ್ದು ಅಳುವಲ್ಲ, ಲೆಕ್ಕಾಚಾರ. "ಹಾಗಾದ್ರೆ ನಾನು ಬೈದಿದ್ದೆಲ್ಲ?"

"ಬೈದ್ಯಾ? ಯಾವಾಗ?"

"ದಿನಾ ಬೈದಿದೀನಲ್ರೀ! ನಿಮ್ಮನ್ನ, ನಿಮ್ಮಕ್ಕನ್ನ, ನಿಮ್ಮಮ್ಮನ್ನ…"

"ನಮ್ಮಮ್ಮನ್ನ ಏನಂತ ಬೈದೆ?"

"ಏನಿಲ್ಲ ಬಿಡಿ" ಅಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. ಸ್ವಲ್ಪ ಹೊತ್ತಾದ ಮೇಲೆ, "ಒಂದೂ ಮುಟ್ಟಿಲ್ವಾ?" ಅಂತ ಕೇಳಿದರು. ಆ ದನಿಯಲ್ಲಿ ನಷ್ಟವೂ ಇತ್ತು, ಏನೋ ಹಗುರವೂ ಇತ್ತು. ಆಮೇಲೆ ಅತ್ತರು, ಸಣ್ಣಗೆ, ಮೂಗು ಒರೆಸಿಕೊಂಡು. ಮಾವ ಅವರ ಕೈ ಹಿಡಿದುಕೊಂಡರು. ಮಗ ಸೊಸೆಯ ಮುಂದೆ ಅವರು ಹಾಗೆ ಮಾಡಿದ್ದು ನಾನು ನೋಡಿದ್ದು ಅದೊಂದೇ ಸಲ. ನಾನೂ ನನ್ನ ಗಂಡನೂ ಒಂದೊಂದು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡಿದೆವು. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ, ಇಟ್ಟಿಗೆ ರಾಶಿ ಮಾತ್ರ.

"ಮತ್ತೆ ಈ ಸೀಟು?" ಅಂತ ಅತ್ತೆ ಕೊನೆಗೆ ಕೇಳಿದರು.

ಮಾವ ಹೇಳಿದರು, ತಮ್ಮದೇ ಶಬ್ದದಲ್ಲಿ, ಏನನ್ನೂ ಮುಚ್ಚಿಡದೆ. ಅತ್ತೆ "ಥೂ, ಮಾತು ನೋಡಿ" ಅಂದರು. ಆಮೇಲೆ, "ಹಾಕಿ, ನೋಡೋಣ" ಅಂದರು. ಕೆಂಗೇರಿ ಮುಟ್ಟುವ ತನಕ ಇಬ್ಬರೂ ಮುಂದಿನ ಸೀಟಿನಲ್ಲಿ ಒಂದೇ ತಾಳಕ್ಕೆ ಅದುರುತ್ತ ಕೂತಿದ್ದರು. ಮನೆಯ ಮುಂದೆ ಇಳಿದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ನಿಂಗೆ ಗೊತ್ತಿದ್ದೂ ಹೇಳಲಿಲ್ವಲ್ಲೇ" ಅಂತ ತೋಳು ಚಿವುಟಿದರು. ಆ ಕಲೆ ಒಂದು ವಾರ ಇತ್ತು.

ಡಾಕ್ಟರು ಕಿವಿ ನೋಡಿ, ಹೋದದ್ದು ಬರುವುದಿಲ್ಲ ಅಂತ ಹೇಳಿ, ಒಂದು ಯಂತ್ರ ಬರೆದುಕೊಟ್ಟರು. ಬೆಂಕಿಪೊಟ್ಟಣದಂಥ ಡಬ್ಬ ಜೇಬಿನಲ್ಲಿ, ಅದರಿಂದ ಒಂದು ತಂತಿ ಕಿವಿಗೆ. ಅದನ್ನು ಹಾಕಿಕೊಂಡು ಮಾವ ಮೊದಲ ದಿನ ಶೆಡ್ಡಿಗೆ ಹೋದವರು ಹತ್ತು ನಿಮಿಷಕ್ಕೇ ವಾಪಸು ಬಂದರು. ಮುಖ ಬೆಳ್ಳಗಾಗಿತ್ತು. "ಅಷ್ಟು ಗಲಾಟೆ ಇರುತ್ತೆ ಅಂತ ನಂಗೆ ಮರ್ತೇಹೋಗಿತ್ತು. ಆ ಗಲಾಟೇಲಿ ಅವ್ರನ್ನ ಕೂರ್ಸಿದೀನಲ್ಲಮ್ಮ" ಅಂದರು. ಮರುದಿನ ಒಂದು ಚೀಲ ಹತ್ತಿ ತೆಗೆದುಕೊಂಡು ಹೋಗಿ ನೇಯುವವರಿಗೆಲ್ಲ ಕಿವಿಗೆ ಇಟ್ಟುಕೊಳ್ಳಲು ಕೊಟ್ಟರು. ಸಂಜೆಯ ಹೊತ್ತಿಗೆ ಹತ್ತಿಯೆಲ್ಲ ನೆಲದ ಮೇಲಿತ್ತಂತೆ. ಹಳಬರೊಬ್ಬರು, "ಕಿವಿ ಮುಚ್ಕೊಂಡ್ರೆ ಮಗ್ಗ ಕೆಟ್ಟಿದ್ದು ಹೆಂಗೆ ಗೊತ್ತಾಗುತ್ತೆ ಯಜಮಾನ್ರೇ?" ಅಂತ ಕೇಳಿದರಂತೆ. ಆದರೂ ಮಾವ ಬಿಡಲಿಲ್ಲ, ದಿನಾ ಹತ್ತಿ ತಂದಿಡುತ್ತಿದ್ದರು, ಇಬ್ಬರು ಮೂವರು ಇಟ್ಟುಕೊಳ್ಳುತ್ತಿದ್ದರು. ಮಧ್ಯಾಹ್ನ ಎಂಟೂ ಮಗ್ಗ ಒಟ್ಟಿಗೆ ನಿಲ್ಲಿಸಿ ಕಾಫಿಗೆ ಬಿಡುವ ಪದ್ಧತಿ ಆಗಿನಿಂದ ಶುರುವಾಯಿತು.

ಮನೆಯಲ್ಲಿ ಮಾವ ಯಂತ್ರವನ್ನು ಹಾಕಿಕೊಂಡದ್ದಕ್ಕಿಂತ ಕಪಾಟಿನಲ್ಲಿ ಇಟ್ಟದ್ದೇ ಹೆಚ್ಚು. ಹಾಗಾಗಿ ಅತ್ತೆಯೇ ಉಪಾಯ ಕಂಡುಕೊಂಡರು. ದನಿ ಎತ್ತಿದರೆ ಪ್ರಯೋಜನವಿಲ್ಲ, ಇಳಿಸಬೇಕು ಅಂತ ನಾನು ಹೇಳಿಕೊಟ್ಟಿದ್ದೆ. ಅವರು ಗದ್ದವನ್ನು ಎದೆಗೆ ಒತ್ತಿಕೊಂಡು, ಹೊಟ್ಟೆಯಿಂದ, ನಾಟಕದ ರಾಕ್ಷಸನ ಹಾಗೆ, "ಊಟಕ್ಕೆ ಬನ್ನಿ" ಅನ್ನಲು ಕಲಿತರು. ಮೊದಲ ಸಲ ಮಾವ ಪೇಪರು ಮಡಿಸಿ ತಕ್ಷಣ ಎದ್ದು ಬಂದಾಗ ಅತ್ತೆಯೇ ಹೆದರಿಬಿಟ್ಟರು. ಹೊಸದಾಗಿ ಬಂದ ಹಾಲಿನವನು, ಒಳಗೆ ಯಾರೋ ದೊಡ್ಡ ಗಂಡಸರಿದ್ದಾರೆ ಅಂತ ತಿಳಿದು, ಬಹಳ ದಿನ ಹಾಲಿಗೆ ನೀರು ಕಮ್ಮಿ ಹಾಕಿದ.

ಕಾರಿನ ಮೇಲೆ ನಮ್ಮ ಹಕ್ಕು ಹೋಯಿತು. ಭಾನುವಾರ ತಿಂಡಿ ಮುಗಿದ ಮೇಲೆ ಮಾವ ಅತ್ತೆ ಇಬ್ಬರೇ ಹೊರಡುತ್ತಿದ್ದರು. ನಮ್ಮನ್ನು ಕರೆಯುತ್ತಿರಲಿಲ್ಲ. ಮೈಸೂರು ರೋಡಿನಲ್ಲಿ ಎಲ್ಲೋ ಮರದ ಕೆಳಗೆ ನಿಲ್ಲಿಸಿ ಹಾಡು ಹಾಕಿಕೊಂಡು ಕೂರುತ್ತಾರೆ ಅಂತ ಮೆಕ್ಯಾನಿಕ್ ಒಂದು ಸಲ ನೋಡಿ ಬಂದು ಹೇಳಿದ. ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿದರೆ ಮಾವ ಕೇಳಿಸದವರ ಹಾಗೆ ಒಳಗೆ ಹೋಗುತ್ತಿದ್ದರು. ನಿಜವಾಗಿ ಕೇಳಿಸಿರಲಿಲ್ಲವೋ ಏನೋ, ಅದನ್ನು ಪತ್ತೆ ಹಚ್ಚುವ ಕೆಲಸಕ್ಕೆ ನಾನು ಹೋಗಲಿಲ್ಲ.